ಖಾಲಿ ಪಿಕಪ್ ಚಕ್ಕಡಿಯಂತೆ ಕುಕ್ಕುತ್ತಿದೆ: ಶಾಕಪ್ ಬದಲಿಸಲಾ, ಪಟ್ಟಿ ತೆಗೆಸಲಾ, ಪೂರ್ತಿ ಕಿಟ್ ಹಾಕಿಸಲಾ?

ಕೆಎ32 ತೊಗರಿ ಹೊಲ
ನಮಸ್ಕಾರ ಎಲ್ಲರಿಗೂ. ನನ್ನ ಹತ್ತಿರ 2018ರ ಇಸುಜು ವಿ-ಕ್ರಾಸ್ ಪಿಕಪ್ ಇದೆ. ಸೆಕೆಂಡ್ ಹ್ಯಾಂಡ್ ಗಾಡಿ, ಕೊಂಡು ಹತ್ತು ತಿಂಗಳಾಯಿತು. ಮನೆ ಕಲಬುರಗಿಯಲ್ಲಿ, ಹೊಲ ಚಿಂಚೋಳಿ ತಾಲ್ಲೂಕಿನಲ್ಲಿ. ವಾರಕ್ಕೆ ಎರಡು ಸಲವಾದರೂ ಹೋಗಿ ಬರಬೇಕು. ಡಾಂಬರು ಮುಗಿದ ಮೇಲೆ 9 ಕಿಲೋಮೀಟರ್ ಎರೆ ಮಣ್ಣಿನ ದಾರಿ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಕೊರೆದ ಜಾಡು ಬೇಸಿಗೆಯಲ್ಲಿ ಒಣಗಿ ಕಲ್ಲಿನಂತಾಗಿರುತ್ತೆ.

ತೊಂದರೆ ಇಷ್ಟು. ಗಾಡಿ ಖಾಲಿ ಇದ್ದರೆ ಹಿಂಭಾಗ ಎತ್ತಿ ಎತ್ತಿ ಹಾಕುತ್ತೆ. ಸಣ್ಣ ಕುಣಿ ಬಂದರೂ ಏಟು ಸೊಂಟಕ್ಕೇ ಬೀಳುತ್ತೆ. ಮೊನ್ನೆ ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ಅರ್ಧ ದಾರಿಗೆ ಬರುವಷ್ಟರಲ್ಲಿ "ನಿಲ್ಲಿಸಪ್ಪಾ, ನಾನು ನಡೆದೇ ಬರ್ತೀನಿ" ಅಂದಳು. ಅವಳು ಮುಂದೆ ನಡೆದಳು, ನಾನು ಹಿಂದೆ ಫಸ್ಟ್ ಗೇರಿನಲ್ಲಿ ಗಾಡಿ ತಂದೆ. ಮನಸ್ಸಿಗೆ ತುಂಬಾ ಕೆಟ್ಟದೆನಿಸಿತು.

ಎರಡು ಕಡೆ ವಿಚಾರಿಸಿದೆ. ಒಬ್ಬರು ಪೂರ್ತಿ ಕಿಟ್ ಹಾಕಿಸಿ ಅಂತಾರೆ. ನಾಲ್ಕು ಶಾಕಪ್ (ಶಾಕ್ ಅಬ್ಸಾರ್ಬರ್), ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಹೊಸ ಪಟ್ಟಿ ಸೆಟ್ (ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್), ಎರಡು ಇಂಚು ಎತ್ತರ. ಖರ್ಚು ಲಕ್ಷ ದಾಟುತ್ತೆ. ಇನ್ನೊಬ್ಬರು ಹಿಂದಿನ ಒಂದು ಪಟ್ಟಿ ತೆಗೆದರೆ ಸಾಕು, ಒಂದು ತಾಸಿನ ಕೆಲಸ ಅಂತಾರೆ. ಯಾರ ಮಾತು ನಂಬಲಿ?

ಜೇವರ್ಗಿ ಲೋಡ್
ಪಟ್ಟಿ ತೆಗೆಸಿ. ಸುಮ್ನೆ ಲಕ್ಷ ಯಾಕೆ ಸುರಿಯುತ್ತೀರಿ? ನನ್ನ ಪಿಕಪ್‌ಗೆ ತೆಗೆಸಿ ಎರಡು ವರ್ಷ ಆಯಿತು, ಏನೂ ಆಗಿಲ್ಲ.

ಬೀದರ್ ಕೆಂಪು ಮಣ್ಣು
ದಯವಿಟ್ಟು ಪಟ್ಟಿ ತೆಗೆಸಬೇಡಿ! ನನ್ನದೂ ವಿ-ಕ್ರಾಸ್ ಅಣ್ಣಾರೆ. ಮೂರು ವರ್ಷದ ಹಿಂದೆ ಪೂರ್ತಿ ಕಿಟ್ ಹಾಕಿಸಿದೆ. ಹುಮನಾಬಾದ್‌ನಿಂದ ಬೀದರ್‌ಗೆ ಬರುವಾಗಲೂ ಗೊತ್ತಾಗುತ್ತೆ, ಕಾರಂಜಾ ಹಿನ್ನೀರಿನ ಕಡೆ ಕಲ್ಲು ದಾರಿಗೆ ಇಳಿದರೂ ಗೊತ್ತಾಗುತ್ತೆ. ಗಾಡಿಯೇ ಬೇರೆ ಆಯಿತು. ಓಲ್ಡ್ ಮ್ಯಾನ್ ಇಮು, ಐರನ್‌ಮ್ಯಾನ್, ಟಫ್ ಡಾಗ್, ಈ ಮೂರು ಕಿಟ್ ಕಂಪನಿಗಳೂ ಆಸ್ಟ್ರೇಲಿಯಾದವು. ಅಲ್ಲಿ ನೂರಾರು ಕಿಲೋಮೀಟರ್ ಕಚ್ಚಾ ದಾರಿಯಲ್ಲಿ ಇಂಥದೇ ಪಿಕಪ್ ಓಡಿಸುತ್ತಾರೆ. ಬಿಲ್‌ಸ್ಟೀನ್ ಜರ್ಮನಿಯದು. ಒಮ್ಮೆ ಖರ್ಚು ಮಾಡಿ, ನೆಮ್ಮದಿಯಾಗಿ ಇರಿ.

ಪಟ್ಟಿ ಕೆಲಸ 30 ವರ್ಷ
ಜೇವರ್ಗಿಯವರೇ, ಯಾವ ಪಟ್ಟಿ ತೆಗೆಸಿದಿರಿ?

ಜೇವರ್ಗಿ ಲೋಡ್
ಎಲ್ಲಕ್ಕಿಂತ ಕೆಳಗಿನದು ಕಾಕಾ. ದಪ್ಪದ್ದು.

ಪಟ್ಟಿ ಕೆಲಸ 30 ವರ್ಷ
ಅದಕ್ಕೇ ಏನೂ ಆಗಿಲ್ಲ, ಏನೂ ಉಪಯೋಗವೂ ಆಗಿಲ್ಲ. ಆ ದಪ್ಪ ಪಟ್ಟಿ ಭಾರಕ್ಕೆ ಇಟ್ಟದ್ದು. ಗಾಡಿ ಖಾಲಿ ಇದ್ದಾಗ ಅದರ ತುದಿ ಮೇಲಿನ ಪಟ್ಟಿಗೆ ತಾಗುವುದೇ ಇಲ್ಲ. ನೆಲಕ್ಕೆ ಕೂತು ನೋಡಿದರೆ ನಡುವೆ ಬೆರಳು ತೂರುವಷ್ಟು ಸಂದು ಕಾಣುತ್ತೆ. ಹತ್ತು ಕ್ವಿಂಟಲ್ ಬಿದ್ದಾಗ ಮೇಲಿನ ಪಟ್ಟಿಗಳು ಬಗ್ಗಿ ಅದರ ಮೇಲೆ ಕೂರುತ್ತವೆ. ಖಾಲಿ ಗಾಡಿಯ ಕುಕ್ಕಾಟಕ್ಕೂ ಅದಕ್ಕೂ ಸಂಬಂಧ ಕಡಿಮೆ.

ಮೇಲಿನ ಪಟ್ಟಿಗಳಲ್ಲಿ ಒಂದನ್ನು ತೆಗೆದರೆ ಗಾಡಿ ಮೆತ್ತಗಾಗುತ್ತೆ, ಸುಳ್ಳಲ್ಲ. ಆದರೆ ಉಳಿದವು ಆ ಭಾರವನ್ನೂ ಹೊರಬೇಕು. ಮುಖ್ಯ ಪಟ್ಟಿ, ಅಂದರೆ ಎರಡೂ ತುದಿಗೆ ಕಣ್ಣು ಇರುವುದು, ಅದು ಮುರಿದರೆ ಹೌಸಿಂಗ್ (ಹಿಂದಿನ ಆಕ್ಸಲ್) ಒಂದು ಕಡೆ ಸರಿದುಹೋಗುತ್ತೆ. ನನ್ನ ಗ್ಯಾರೇಜಿಗೆ ಹಾಗೆ ಸರಿದ ಗಾಡಿಗಳನ್ನು ಎಳೆದು ತಂದಿದ್ದಾರೆ. ಗೇರ್ ಹಾಕಿ ಏರು ಹತ್ತುವಾಗ ತೆಳು ಪಟ್ಟಿ ಎಸ್ ಆಕಾರಕ್ಕೆ ತಿರುಚುತ್ತೆ, ಆಗ ಪ್ರೊಪೆಲ್ಲರ್ ಶಾಫ್ಟ್ ಧಡ್ ಧಡ್ ಅನ್ನುತ್ತೆ. ಅವ್ವನನ್ನು ಕೂರಿಸುವ ಗಾಡಿಗೆ ಆ ಕೆಲಸ ಬೇಡ.

ಜೇವರ್ಗಿ ಲೋಡ್
ನನ್ನ ಗಾಡಿ ಮೆತ್ತಗಾಗಿದೆ ಅಂತ ನನಗೆ ಅನಿಸಿದ್ದು ಸುಳ್ಳಾ ಹಾಗಾದರೆ?

ಪಟ್ಟಿ ಕೆಲಸ 30 ವರ್ಷ
ಸುಳ್ಳು ಅನ್ನಲ್ಲ. ಆ ದಿನ ಪಟ್ಟಿ ಕಣ್ಣಿನೊಳಗಿನ ರಬ್ಬರ್ ಬುಷ್ ಬದಲಿಸಿದರಾ? ಗ್ರೀಸ್ ಹೊಡೆದರಾ?

ಜೇವರ್ಗಿ ಲೋಡ್
ಬುಷ್ ಬದಲಿಸಿದ್ದರು ಕಾಕಾ. ಹಳೆಯವು ಪುಡಿಪುಡಿ ಆಗಿದ್ದವು.

ಪಟ್ಟಿ ಕೆಲಸ 30 ವರ್ಷ
ಅಲ್ಲೇ ಇದೆ ನೋಡಿ ಉತ್ತರ. ಆ ಪಟ್ಟಿ ವಾಪಸ್ ಹಾಕಿಸಿ, ಲೋಡ್ ಹೊಡೆಯುವ ಗಾಡಿ ನಿಮ್ಮದು.

ಸುರಪುರ ಜಿಪ್ಸಿ
ತೊಗರಿ ಹೊಲದವರೇ, ಟೈರ್ ಯಾವುದು? ಗಾಳಿ ಎಷ್ಟು? ಇದನ್ನು ಯಾರೂ ಕೇಳಲಿಲ್ಲ. ನನ್ನ ಜಿಪ್ಸಿಗೆ ಮುಂದೆ ಹಿಂದೆ ನಾಲ್ಕೂ ಕಡೆ ಪಟ್ಟಿ. ಅದಕ್ಕಿಂತ ಕುಕ್ಕುವ ಗಾಡಿ ಇಲ್ಲ. ಆದರೂ ನಾರಾಯಣಪುರ ಎಡದಂಡೆ ಕಾಲುವೆ ಪಕ್ಕದ ದಾರಿಯಲ್ಲಿ ಗಾಳಿ ಇಳಿಸಿ ಓಡಿಸಿದರೆ ಕೂರಲು ಆಗುತ್ತೆ. ನೆಲ ಮೊದಲು ಮುಟ್ಟುವುದು ಟೈರನ್ನು. ಮೊದಲ ಸ್ಪ್ರಿಂಗ್ ಅಂದರೆ ಅದೇ.

ಕೆಎ32 ತೊಗರಿ ಹೊಲ
ಟೈರ್ ಹಳೆಯ ಮಾಲೀಕರು ಹಾಕಿಸಿದ್ದು. ಆಲ್ ಟೆರೇನ್, ಅಳತೆ 245/70 ಆರ್ 16. ಪಕ್ಕದಲ್ಲಿ ಎಲ್‌ಟಿ ಅಂತ ಇದೆ, 10 ಪ್ಲೈ ಅಂತಲೂ ಇದೆ. ಗಾಳಿ ಪಂಕ್ಚರ್ ಅಂಗಡಿಯವರು ಹಾಕಿದಷ್ಟು. ನಾಳೆ ನೋಡಿ ಹೇಳುತ್ತೇನೆ.

ಸುರಪುರ ಜಿಪ್ಸಿ
10 ಪ್ಲೈ! ಎಲ್‌ಟಿ ಅಂದರೆ ಲೈಟ್ ಟ್ರಕ್, ಭಾರ ಹೊರಲು ಮಾಡಿದ ಗಟ್ಟಿ ಟೈರ್ ಅದು. ಅರ್ಧ ಕಥೆ ಅಲ್ಲೇ ಗೊತ್ತಾಯಿತು.

ಶಹಾಬಾದ್ ಫರ್ಸಿ
ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಭಾರ ಹೊರುವುದು ಸ್ಪ್ರಿಂಗ್. ಸ್ಪ್ರಿಂಗ್ ಕುಣಿಯುವುದನ್ನು ತಡೆಯುವುದು ಶಾಕಪ್. ಶಾಕಪ್ ಭಾರ ಹೊರುವುದಿಲ್ಲ. ಇದು ತಲೆಯಲ್ಲಿ ಕೂತರೆ ಎಲ್ಲಿ ತೊಂದರೆ ಅಂತ ಹುಡುಕುವುದು ಸುಲಭ. ಕುಣಿ ದಾಟಿದ ಮೇಲೂ ಗಾಡಿ ಎರಡು ಮೂರು ಸಲ ತೂಗಾಡಿದರೆ ಶಾಕಪ್ ಸತ್ತಿದೆ. ಒಂದೇ ಏಟು ಬಿರುಸಾಗಿ ಬಡಿದು ಸುಮ್ಮನಾದರೆ ಟೈರ್ ಗಟ್ಟಿ, ಇಲ್ಲವೇ ಪಟ್ಟಿ ಗಟ್ಟಿ, ಇಲ್ಲವೇ ಪಟ್ಟಿಗಳು ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿವೆ. ದೊಡ್ಡ ಗುಂಡಿಯಲ್ಲಿ ಮಾತ್ರ ಠಪ್ ಅಂತ ಕಡೆಯ ಏಟು ಕೇಳಿದರೆ ಗಾಡಿ ಬಂಪ್ ಸ್ಟಾಪ್ (ಆಕ್ಸಲ್ ಮೇಲೆ ಬಂದು ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್) ವರೆಗೆ ಕುಸಿಯುತ್ತಿದೆ.

ಖರ್ಚಿಲ್ಲದೆ ಎರಡು ಪರೀಕ್ಷೆ ಮಾಡಬಹುದು. ಒಂದು: ಎರೆ ಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ, ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ಹಿಂದಿನ ಎರಡೂ ಬಂಪ್ ಸ್ಟಾಪ್ ರಬ್ಬರಿನ ತುದಿಗೆ ಮೆತ್ತಿ. ನಿಮ್ಮ 9 ಕಿಲೋಮೀಟರ್ ಓಡಿಸಿ. ಉಂಡೆ ಚಪ್ಪಟೆಯಾದರೆ ಗಾಡಿ ಕೆಳಗಿನವರೆಗೂ ಕುಸಿದಿದೆ. ಹಾಗೇ ಇದ್ದರೆ ಸ್ಪ್ರಿಂಗ್ ತನ್ನ ಪೂರ್ತಿ ಆಟ ಆಡಿಲ್ಲ.

ಎರಡು: ಅದೇ ದಾರಿ ಮುಗಿದ ಕೂಡಲೇ ಇಳಿದು ನಾಲ್ಕೂ ಶಾಕಪ್‌ಗಳ ಮೈ ಮುಟ್ಟಿ ನೋಡಿ. ಹುಷಾರಾಗಿ, ಮೊದಲು ಬೆರಳು ತಾಗಿಸಿ, ಸುಡಬಹುದು. ಶಾಕಪ್ ಕುಣಿತವನ್ನು ಬಿಸಿಯನ್ನಾಗಿ ಮಾಡುತ್ತೆ. ಕೆಲಸ ಮಾಡಿದ್ದು ಬಿಸಿ ಇರುತ್ತೆ. ತಣ್ಣಗಿರುವುದು ಕೆಲಸ ಬಿಟ್ಟಿದೆ.

ಹಳೇ ಥಾರ್ ಯಾದಗಿರಿ
ಆ ಎರೆ ಮಣ್ಣಿನ ಉಂಡೆ ನಾನೂ ಮಾಡಿ ನೋಡುತ್ತೇನೆ ಸರ್.

ನನ್ನ ತಪ್ಪು ಒಂದು ಹೇಳುತ್ತೇನೆ, ಬೇರೆಯವರು ಮಾಡದಿರಲಿ. ಹಳೇ ಥಾರ್‌ಗೆ ಮುಂದೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಕಂಬಿ. ಒಂದು ಬೋಲ್ಟ್ ತಿರುಗಿಸಿದರೆ ಮುಂಭಾಗ ಎತ್ತರ ಆಗುತ್ತೆ. ಪುಕ್ಕಟೆ ಲಿಫ್ಟ್ ಸಿಕ್ಕಿತು ಅಂತ ತಿರುಗಿಸಿಬಿಟ್ಟೆ. ನೋಡಲು ಚೆಂದ ಕಂಡಿತು, ಓಡಿಸಲು ನರಕ. ಬಾರ್ ಗಟ್ಟಿ ಆಗಿರಲಿಲ್ಲ. ಗಾಲಿ ಆಗಲೇ ಅಷ್ಟು ಕೆಳಗೆ ಇಳಿದುಬಿಟ್ಟಿತ್ತು. ಕುಣಿ ಬಂದಾಗ ಇನ್ನೂ ಕೆಳಗೆ ಇಳಿಯಲು ಜಾಗವೇ ಇಲ್ಲ, ಗಾಲಿ ಇಳಿಯುವ ಕೊನೆಯ ತಡೆಗೆ ಹೋಗಿ ಠಕ್ ಅಂತ ತಾಗುತ್ತಿತ್ತು. ಟೈರ್ ಒಳಅಂಚು ನಾಲ್ಕು ತಿಂಗಳಲ್ಲಿ ಸವೆಯಿತು. ಎತ್ತರ ಬೇರೆ, ಮೆತ್ತಗೆ ಬೇರೆ.

ಬೀದರ್ ಕೆಂಪು ಮಣ್ಣು
ಸರಿಯಾದ ಮಾತು. ಆದರೆ ಒಳ್ಳೆಯ ಕಿಟ್‌ನಲ್ಲಿ ಎತ್ತರದ ಜೊತೆ ಸ್ಪ್ರಿಂಗ್, ಶಾಕಪ್ ಎರಡೂ ಹೊಂದಿಸಿ ಕೊಡುತ್ತಾರೆ. ಅದೂ ಬೋಲ್ಟ್ ತಿರುಗಿಸುವುದೂ ಒಂದೇ ಅಲ್ಲ.

ಭೀಮಾ ದಂಡೆ
ನನ್ನದು ಬೊಲೆರೊ ಕ್ಯಾಂಪರ್. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿ ಕಡೆ ಊರುಗಳಿಗೆ ಅಕ್ಕಿ, ನೀರಿನ ಕ್ಯಾನ್ ಹೊತ್ತು ಓಡಾಡಿದ್ದೆ. ಹೋಗುವಾಗ ಐದು ಕ್ವಿಂಟಲ್ ಮೇಲೆ ಇರುತ್ತಿತ್ತು. ದಾರಿ ಅಂತ ಹೇಳುವಂಥದ್ದೇ ಉಳಿದಿರಲಿಲ್ಲ. ಆದರೂ ಗಾಡಿ ದೋಣಿ ಹಾಗೆ ಹೋಗುತ್ತಿತ್ತು. ರಾತ್ರಿ ಖಾಲಿ ವಾಪಸ್ ಬರುವಾಗ ಅದೇ ದಾರಿ, ಅದೇ ಗಾಡಿ, ಹಲ್ಲು ಕಟಕಟ ಅನ್ನುತ್ತಿತ್ತು. ಪಕ್ಕದಲ್ಲಿ ಕೂತ ಹುಡುಗ ನಾಲಿಗೆ ಕಚ್ಚಿಕೊಂಡ. ಮರುದಿನದಿಂದ ವಾಪಸ್ ಬರುವಾಗ ಎರಡು ಮರಳು ಚೀಲ ಹಾಕಿಕೊಂಡೆ. ಇಂದಿಗೂ ಅವು ಗಾಡಿಯಲ್ಲೇ ಇವೆ.

ಲಕ್ಷ ಖರ್ಚು ಮಾಡುವ ಮುಂಚೆ ಎರಡು ಚೀಲ ಮರಳು ಹಾಕಿ ನೋಡಿ.

ಸೇಡಂ ಡ್ರೈವರ್
ಮರಳು ಚೀಲಕ್ಕೆ ನನ್ನದೂ ಓಟು.

ಬೀದರ್ ಕೆಂಪು ಮಣ್ಣು
ನೂರು ಕಿಲೋ ಕಲ್ಲುಮಣ್ಣು ಹೊತ್ತು ದಿನವೂ ಡೀಸೆಲ್ ಸುಡುವುದಾ? ಅದು ಪರಿಹಾರ ಅಲ್ಲ.

ಭೀಮಾ ದಂಡೆ
ಲಕ್ಷಕ್ಕೆ ಎಷ್ಟು ವರ್ಷದ ಡೀಸೆಲ್ ಬರುತ್ತೆ ಲೆಕ್ಕ ಹಾಕಿ ಅಣ್ಣಾ.

ಶಹಾಬಾದ್ ಫರ್ಸಿ
ಚೀಲ ಹಾಕುವವರು ಒಂದು ಗಮನಿಸಿ. ಚೀಲ ಹಿಂದಿನ ಗಾಲಿಗಳ ನೇರಕ್ಕೆ ಇರಲಿ. ಹಿಂದಿನ ಬಾಗಿಲ ಹತ್ತಿರ ಇಟ್ಟರೆ ಮುಂಭಾಗ ಹಗುರಾಗಿ ಸ್ಟೀರಿಂಗ್ ತೇಲುತ್ತೆ. ಮತ್ತೆ ಬಿಗಿಯಾಗಿ ಕಟ್ಟಿರಲೇಬೇಕು. ಜೋರು ಬ್ರೇಕ್ ಹಾಕಿದರೆ 50 ಕಿಲೋ ಚೀಲ ಕ್ಯಾಬಿನ್‌ಗೆ ಬಂದು ಗುದ್ದುತ್ತೆ.

ಚಿತ್ತಾಪುರ ಹುಡುಗ
ಇದರ ನಡುವೆ ನನ್ನದೊಂದು ಪ್ರಶ್ನೆ. ನನ್ನ ಗಾಡಿ 80 ದಾಟಿದರೆ ಪೂರ್ತಿ ನಡುಗುತ್ತೆ. ಶಾಕಪ್ ಹೋಗಿದೆಯಾ?

ಸುರಪುರ ಜಿಪ್ಸಿ
ಹೊಲಕ್ಕೆ ಹೋಗಿ ಬಂದ ಮೇಲೆ ಶುರುವಾಯಿತಾ? ಗಾಲಿ ಬಿಚ್ಚಿ ಡಿಸ್ಕ್ ಒಳಗೆ ನೋಡಿ. ಎರೆ ಮಣ್ಣು ಒಂದೇ ಕಡೆ ಹೆಪ್ಪುಗಟ್ಟಿ ಒಣಗಿರುತ್ತೆ. ಗಾಲಿಯ ತೂಕ ತಪ್ಪಿ ಗಾಡಿ ನಡುಗುತ್ತೆ.

ಚಿತ್ತಾಪುರ ಹುಡುಗ
ಹೌದು ಅಣ್ಣಾ!! ಕೆರೆದು ತೆಗೆದೆ, ಒಂದು ಗಾಲಿಯಲ್ಲೇ ಎರಡು ಬೊಗಸೆ ಮಣ್ಣು. ನಡುಕ ನಿಂತಿತು. ನಾಳೆ ಶಾಕಪ್ ಆರ್ಡರ್ ಮಾಡುವವನಿದ್ದೆ.

ಕೆಎ32 ತೊಗರಿ ಹೊಲ
ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಹೊಲಕ್ಕೆ ಹೋಗಿ ಎಲ್ಲ ಮಾಡಿ ನೋಡಿದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಗಾಳಿ ನಾಲ್ಕೂ ಗಾಲಿಯಲ್ಲಿ 46 ಪಿಎಸ್‌ಐ ಇತ್ತು! ಡ್ರೈವರ್ ಬಾಗಿಲ ಕಂಬದ ಮೇಲಿನ ಸ್ಟಿಕ್ಕರ್‌ನಲ್ಲಿ ಖಾಲಿ ಗಾಡಿಗೆ ಹೇಳಿದ್ದು ಅದಕ್ಕಿಂತ ಬಹಳ ಕಡಿಮೆ. ಹತ್ತು ತಿಂಗಳಿಂದ ಆ ಸ್ಟಿಕ್ಕರ್ ಓದಿರಲಿಲ್ಲ.

ಮಣ್ಣಿನ ಉಂಡೆ ಎರಡೂ ಹಾಗೇ ಇದ್ದವು. ಎಡಗಡೆಯದರ ತುದಿ ಕೂಡ ಬಾಗಿರಲಿಲ್ಲ. ಅಂದರೆ ಇಷ್ಟು ದಿನ ಸೊಂಟಕ್ಕೆ ಬಿದ್ದ ಏಟು ಕೆಳಗೆ ಕುಸಿದು ಬಂದದ್ದಲ್ಲ.

ಆಮೇಲೆ ಶಾಕಪ್ ಮುಟ್ಟಿದೆ. ಮುಂದಿನ ಎರಡೂ ಬಿಸಿ. ಹಿಂದೆ ಬಲಗಡೆಯದು ಉಗುರು ಬೆಚ್ಚಗೆ. ಹಿಂದೆ ಎಡಗಡೆಯದು ತಣ್ಣಗೆ, ಬಾವಿ ಗಡಗಿಯ ಹಾಗೆ. ಅದರ ಕೆಳಭಾಗದಲ್ಲಿ ಮಣ್ಣು ಒದ್ದೆಯಾಗಿ ಗಟ್ಟಿ ಕಟ್ಟಿತ್ತು. ಉಗುರಿನಿಂದ ಕೆರೆದು ಮೂಸಿದೆ, ಆಯಿಲ್ ವಾಸನೆ.

ಶಹಾಬಾದ್ ಫರ್ಸಿ
ಸಿಕ್ಕಿತು. ಎಡಗಡೆಯದು ಸತ್ತಿದೆ, ಬಲಗಡೆಯದೂ ಸಾಯುತ್ತಿದೆ. ಹಿಂದಿನ ಎರಡನ್ನೂ ಜೊತೆಯಾಗಿ ಬದಲಿಸಿ, ಒಂದೇ ಬದಲಿಸಬೇಡಿ. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಇದ್ದರೆ ತಿರುವಿನಲ್ಲಿ, ಬ್ರೇಕಿನಲ್ಲಿ ಗಾಡಿ ಒಂದೇ ತರ ವರ್ತಿಸಲ್ಲ.

ಸುರಪುರ ಜಿಪ್ಸಿ
46! ಅದು ಟೈರ್ ಅಲ್ಲ, ಒನಕೆ. ಇಳಿಸಿ ಮೊದಲು.

ಟೈರ್ ಬಾಂಧವ
ಸ್ವಲ್ಪ ತಾಳಿ. ಟೈರ್ ಅಂಗಡಿ ಕೆಲಸ ನನ್ನದು, ಒಂದು ತಿದ್ದುಪಡಿ ಇದೆ. ಸ್ಟಿಕ್ಕರ್‌ನಲ್ಲಿ ಇರುವುದು ಕಂಪನಿಯಿಂದ ಬಂದ ಟೈರಿಗೆ. ಎಲ್‌ಟಿ ಟೈರಿಗೆ ಅಷ್ಟೇ ಭಾರ ಹೊರಲು ಸ್ವಲ್ಪ ಜಾಸ್ತಿ ಗಾಳಿ ಬೇಕು. ಹಾಗಂತ 46 ಬೇಡ. ಹೆದ್ದಾರಿಗೆ ಸ್ಟಿಕ್ಕರ್‌ಗಿಂತ ಮೂರು ನಾಲ್ಕು ಜಾಸ್ತಿ ಇಟ್ಟು ನೋಡಿ. ಬೆಳಿಗ್ಗೆ ತಣ್ಣಗಿದ್ದಾಗಲೇ ಅಳೆಯಿರಿ. 10 ಕಿಲೋಮೀಟರ್ ಓಡಿಸಿ ಬಂದು ಅಳೆದರೆ ಗೇಜ್ ಹೆಚ್ಚು ತೋರಿಸುತ್ತೆ.

ಕಚ್ಚಾ ದಾರಿ ಶುರುವಾಗುವ ಕಡೆ ನಿಲ್ಲಿಸಿ 24, 25ಕ್ಕೆ ಇಳಿಸಿ. ಗಾಡಿ ಖಾಲಿ ಇರಬೇಕು, ವೇಗ 40 ದಾಟಬಾರದು. ವಾಪಸ್ ಡಾಂಬರಿಗೆ ಬಂದ ಕೂಡಲೇ ತುಂಬಿಸಿ. ನಮ್ಮ ಬಿಸಿಲು ಗೊತ್ತಲ್ಲ, ಮೇ ತಿಂಗಳಲ್ಲಿ 42, 43 ಡಿಗ್ರಿ. ಕಡಿಮೆ ಗಾಳಿಯಲ್ಲಿ 90ರಲ್ಲಿ ಓಡಿಸಿದರೆ ಟೈರ್ ಪಕ್ಕ ಬಾಗಿ ಬಾಗಿ ಕಾದು ಒಡೆಯುತ್ತೆ. ಬ್ಯಾಟರಿಗೆ ಹಚ್ಚುವ ಸಣ್ಣ ಗಾಳಿ ಪಂಪ್ ಒಂದು ಗಾಡಿಯಲ್ಲೇ ಇರಲಿ. ಅದಿಲ್ಲದಿದ್ದರೆ ಇಳಿಸಲೇಬೇಡಿ.

ಕಮಲಾಪುರ ಬಾಳೆ
ನಮ್ಮ ಕಡೆ ಸರ್ವಿಸ್ ಮಾಡಿಸಿದರೆ ಹಳೇ ಎಂಜಿನ್ ಆಯಿಲ್ ಅನ್ನು ಪಟ್ಟಿಗೆಲ್ಲ ಸ್ಪ್ರೇ ಹೊಡೆಯುತ್ತಾರೆ. ಅದರಿಂದ ಮೆತ್ತಗಾಗುತ್ತೆ, ನೋಡಿ ಮಾಡಿಸಿ.

ಪಟ್ಟಿ ಕೆಲಸ 30 ವರ್ಷ
ನಾನೂ ಹತ್ತು ವರ್ಷ ಹಾಗೇ ಹೊಡೆದೆ. ಈಗ ಬಿಟ್ಟಿದ್ದೇನೆ. ಎಂಟು ದಿನ ಮೆತ್ತಗಿರುತ್ತೆ. ಆಮೇಲೆ ಆ ಆಯಿಲ್‌ಗೆ ಧೂಳು ಅಂಟಿ ಸಾಣೆಕಲ್ಲು ಆಗುತ್ತೆ, ಪಟ್ಟಿ ತೇಯುತ್ತೆ. ರಬ್ಬರ್ ಬುಷ್‌ಗೆ ಆಯಿಲ್ ತಾಗಿದರೆ ಅದು ಉಬ್ಬಿ ಹಾಳಾಗುತ್ತೆ. ಸರಿಯಾದ ಕೆಲಸ ಅಂದರೆ ಪಟ್ಟಿ ಬಿಚ್ಚಿ, ತಂತಿ ಬ್ರಷ್‌ನಿಂದ ತುಕ್ಕು ತೆಗೆದು, ತುದಿಗಳ ನಡುವಿನ ಪ್ಯಾಡ್ ಸವೆದಿದ್ದರೆ ಹೊಸದು ಹಾಕಿ, ಬುಷ್ ಹೊಸದು ಹಾಕಿ ಕಟ್ಟುವುದು. ಒಂದು ದಿನ ಪೂರ್ತಿ ಹಿಡಿಯುತ್ತೆ. ಪಟ್ಟಿಯನ್ನು ಆಕ್ಸಲ್‌ಗೆ ಕಟ್ಟುವ ಯು ಬೋಲ್ಟ್ ಹಳೆಯದನ್ನೇ ಮತ್ತೆ ಬಿಗಿಯಬೇಡಿ. ಅದು ಒಮ್ಮೆ ಹಿಗ್ಗಿರುತ್ತೆ, ಹೊಸದು ಹಾಕಿ.

ಇನ್ನೊಂದು ಮಾತು, ಇದನ್ನು ಬಹಳ ಗ್ಯಾರೇಜ್‌ಗಳು ತಪ್ಪು ಮಾಡುತ್ತಾರೆ. ಗಾಡಿ ಜ್ಯಾಕ್ ಮೇಲೆ ಇದ್ದಾಗಲೇ ಬುಷ್ ಬೋಲ್ಟ್ ಪೂರ್ತಿ ಬಿಗಿಯುತ್ತಾರೆ. ಗಾಲಿ ಜೋತುಬಿದ್ದ ಸ್ಥಿತಿಯಲ್ಲಿ ರಬ್ಬರ್ ಕಚ್ಚಿಕೊಳ್ಳುತ್ತೆ. ನೆಲಕ್ಕೆ ಇಳಿಸಿದ ಕೂಡಲೇ ಆ ರಬ್ಬರ್ ತಿರುಚಿಕೊಂಡೇ ಇರುತ್ತೆ, ಗಾಡಿ ಗಟ್ಟಿ ಅನಿಸುತ್ತೆ, ಬುಷ್ ಬೇಗ ಹರಿಯುತ್ತೆ. ಗಾಡಿ ತನ್ನ ಕಾಲ ಮೇಲೆ ನಿಂತ ಮೇಲೇ ಕೊನೆಯ ಬಿಗಿತ ಹಾಕಬೇಕು. ನಿಮ್ಮ ಎದುರಿಗೇ ಮಾಡಿಸಿ. 500 ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್ ಮತ್ತೊಮ್ಮೆ ಬಿಗಿಸಿ.

ಹಳೇ ಥಾರ್ ಯಾದಗಿರಿ
ಕಾಕಾ, ಈ ಜ್ಯಾಕ್ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಮೂರು ಸೆಟ್ ಬುಷ್ ಯಾಕೆ ಹೋದವು ಅಂತ ಈಗ ಗೊತ್ತಾಯಿತು.

ಬೀದರ್ ಕೆಂಪು ಮಣ್ಣು
ಸರಿ, ಶಾಕಪ್ ಬದಲಿಸಲೇಬೇಕು ಅಂತಾಯಿತಲ್ಲ. ಹಾಗಾದರೆ ಮೊನೊಟ್ಯೂಬ್ ಹಾಕಿಸಿ. ಟ್ವಿನ್‌ಟ್ಯೂಬ್‌ಗೆ ದುಡ್ಡು ಹಾಕಬೇಡಿ.

ಶಹಾಬಾದ್ ಫರ್ಸಿ
ಅಷ್ಟು ಸಲೀಸಾಗಿ ಹೇಳಲಾಗದು. ಮೊನೊಟ್ಯೂಬ್‌ಗೆ ಒಂದೇ ಕೊಳವೆ. ಒಳಗೆ ಆಯಿಲ್ ಬೇರೆ, ಹೆಚ್ಚು ಒತ್ತಡದ ಗ್ಯಾಸ್ ಬೇರೆ, ನಡುವೆ ತೇಲುವ ಪಿಸ್ಟನ್. ಬಿಸಿ ಬೇಗ ಹೊರಗೆ ಹೋಗುತ್ತೆ, ಆಯಿಲ್ ನೊರೆ ಕಟ್ಟಲ್ಲ. ಗಂಟೆಗಟ್ಟಲೆ ಜೋರಾಗಿ ಓಡಿಸುವವರಿಗೆ ಅದೇ ಒಳ್ಳೆಯದು. ಆದರೆ ಕಲ್ಲು ಬಡಿದು ಆ ಕೊಳವೆ ನೆಗ್ಗಿದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತೆ. ಟ್ವಿನ್‌ಟ್ಯೂಬ್‌ಗೆ ಹೊರಗೊಂದು ಒಳಗೊಂದು ಕೊಳವೆ. ಹೊರಗಿನದು ಸ್ವಲ್ಪ ನೆಗ್ಗಿದರೂ ಕೆಲಸ ನಡೆಯುತ್ತೆ. ಸಾಮಾನ್ಯವಾಗಿ ಸಣ್ಣ ಕುಣಿಗೆ ಮೆತ್ತಗೂ ಇರುತ್ತೆ, ಬೆಲೆಯೂ ಕಡಿಮೆ. ಇವರದು 9 ಕಿಲೋಮೀಟರ್, 30ರ ವೇಗ, ಹಿಂದೆ ವಯಸ್ಸಾದ ತಾಯಿ. ಗ್ಯಾಸ್ ತುಂಬಿದ ಒಳ್ಳೆಯ ಟ್ವಿನ್‌ಟ್ಯೂಬ್ ಸಾಕು.

ಬೀದರ್ ಕೆಂಪು ಮಣ್ಣು
ನಾನು ಒಪ್ಪಲ್ಲ ಸರ್. ಮುಂದೆ ಅವರೂ ದೂರ ಹೋಗಬಹುದು. ಒಮ್ಮೆ ಹಾಕಿಸುವಾಗ ಒಳ್ಳೆಯದೇ ಹಾಕಿಸಲಿ.

ಪಟ್ಟಿ ಕೆಲಸ 30 ವರ್ಷ
ತಮ್ಮಾ, ನಿನ್ನ ಗಾಡಿ ಹಿಂದೆ ಏನು ಇದೆ ಹೇಳು.

ಬೀದರ್ ಕೆಂಪು ಮಣ್ಣು
ಹಿಂಭಾಗ ಮುಚ್ಚುವ ಕ್ಯಾನೊಪಿ ಇದೆ ಕಾಕಾ. ಸಾಮಾನು ಇಡುವ ಡ್ರಾಯರ್, ಫ್ರಿಜ್, ನೀರಿನ ಟ್ಯಾಂಕ್.

ಪಟ್ಟಿ ಕೆಲಸ 30 ವರ್ಷ
ಅಂದರೆ ಯಾವಾಗಲೂ ಎರಡು ಕ್ವಿಂಟಲ್ ಮೇಲೆ ಇದೆ. ನಿನಗೆ ಹಾಕಿದ ಪಟ್ಟಿ ಆ ಭಾರಕ್ಕೆ ಆರಿಸಿದ್ದು, ಅದಕ್ಕೇ ಹಿತವಾಗಿದೆ. ಅದೇ ಪಟ್ಟಿ ಇವರ ಖಾಲಿ ಗಾಡಿಗೆ ಹಾಕಿದರೆ ಈಗಿನದಕ್ಕಿಂತ ಜಾಸ್ತಿ ಕುಕ್ಕುತ್ತೆ.

ಬೀದರ್ ಕೆಂಪು ಮಣ್ಣು
ಅದು ಮಾತ್ರ ನಿಜ ಕಾಕಾ. ಹೋದ ದೀಪಾವಳಿಗೆ ಮನೆ ಸಾಮಾನು ಸಾಗಿಸಲು ಎಲ್ಲ ಬಿಚ್ಚಿದ್ದೆ. ಖಾಲಿ ಗಾಡಿ ಓಡಿಸಿದ ಆ ಒಂದು ದಿನ ಬಹಳ ಗಟ್ಟಿ ಇತ್ತು. ತೊಗರಿ ಹೊಲದವರೇ, ಕಿಟ್ ತರಿಸುವುದಾದರೆ ಹಿಂದೆ ಎಷ್ಟು ಭಾರ ಸದಾ ಇರುತ್ತೆ ಅಂತ ಮೊದಲೇ ಹೇಳಿ. ಖಾಲಿ ಗಾಡಿಗೆ ಒಂದು ಪಟ್ಟಿ ಸೆಟ್, ಭಾರದ ಗಾಡಿಗೆ ಬೇರೆ ಸೆಟ್ ಬರುತ್ತೆ. ಇದನ್ನು ನಾನು ಮೊದಲೇ ಬರೆಯಬೇಕಿತ್ತು.

ಹೈಕೋರ್ಟ್ ಪೀಠ ರಸ್ತೆ
ವಕೀಲ ವೃತ್ತಿ ನನ್ನದು. ಎರಡು ಇಂಚು ಎತ್ತರಿಸುವ ಮಾತು ಬಂತಲ್ಲ, ಅದಕ್ಕೆ ಒಂದು ಎಚ್ಚರ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಸವೆದ ಶಾಕಪ್ ತೆಗೆದು ಅದೇ ಅಳತೆಯದು ಹಾಕುವುದು ರಿಪೇರಿ. ಎತ್ತರ ಬದಲಿಸಿ, ಅಗಲದ ಟೈರ್ ಹಾಕಿ ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಹಿಡಿಯುವುದು ಅದನ್ನೇ.

ಸೇಡಂ ಡ್ರೈವರ್
ರಸ್ತೆ ತುಂಬಾ ಎತ್ತರಿಸಿದ ಗಾಡಿಗಳೇ ಇವೆಯಲ್ಲ ಸಾಹೇಬ್ರೇ.

ಹೈಕೋರ್ಟ್ ಪೀಠ ರಸ್ತೆ
ಇವೆ. ಕ್ಲೇಮ್ ತಿರಸ್ಕಾರ ಆದ ಮೇಲೆ ನಮ್ಮ ಹತ್ತಿರ ಬರುವುದೂ ಅವರೇ.

ಹಳೇ ಥಾರ್ ಯಾದಗಿರಿ
ಕಾಯ್ದೆ ಬಿಡಿ, ಮುಂದೆ ಎತ್ತರಿಸಿದರೆ ಮುಂದಿನ ಗಾಲಿ ತಿರುಗಿಸುವ ಶಾಫ್ಟಿನ ಸಿವಿ ಜಾಯಿಂಟ್ ಕೋನ ಬಿರುಸಾಗುತ್ತೆ, ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲುತ್ತೆ. ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು, ಹೆಡ್‌ಲೈಟ್ ಮತ್ತೆ ಇಳಿಸಬೇಕು. ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಅಜ್ಜಿಗೆ ಹತ್ತಲೂ ಕಷ್ಟ. ಅದನ್ನು ಯಾರೂ ಹೇಳಲಿಲ್ಲ.

ಚಿತ್ತಾಪುರ ಹುಡುಗ
ಎಲ್ಲರೂ ಒಂದು ಭಾನುವಾರ ಚಂದ್ರಂಪಳ್ಳಿ ಕಡೆ ಸೇರೋಣವಾ? ಕಾಡಿನ ದಾರಿಯಲ್ಲಿ ಎಲ್ಲ ಗಾಡಿ ಓಡಿಸಿ ನೋಡಬಹುದು.

ಕಾಡು ಉಳಿಯಲಿ
ಚಂದ್ರಂಪಳ್ಳಿ ಜಲಾಶಯ ನೋಡಲು ಬನ್ನಿ, ಸಂತೋಷ. ಕಾಡಿನೊಳಗೆ ಗಾಡಿ ಇಳಿಸುವ ಮಾತು ಮಾತ್ರ ಬೇಡ. ಚಿಂಚೋಳಿ ಕಾಡು 2011ರಿಂದ ವನ್ಯಜೀವಿಧಾಮ. ನಮ್ಮ ಈ ಒಣ ಸೀಮೆಯಲ್ಲಿ ಉಳಿದಿರುವುದು ಅಷ್ಟೇ ಹಸಿರು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವುದು ಅಪರಾಧ. ಟೈರ್ ಜಾಡು ಬಿದ್ದ ಕಡೆ ಮಳೆ ನೀರು ಹರಿದು ಕೊರಕಲು ಆಗುತ್ತೆ, ಅದು ಮತ್ತೆ ಮುಚ್ಚಲ್ಲ.

ಚಿತ್ತಾಪುರ ಹುಡುಗ
ತಿಳಿಯದೆ ಹೇಳಿದೆ, ಕ್ಷಮಿಸಿ. ಹೊಲದ ದಾರಿಗೇ ಹೋಗೋಣ.

ಕೆಎ32 ತೊಗರಿ ಹೊಲ
ಹನ್ನೆರಡು ದಿನದ ಮೇಲೆ ಬರೆಯುತ್ತಿದ್ದೇನೆ. ಮಾಡಿದ್ದು ಇಷ್ಟು. ಹೆದ್ದಾರಿಗೆ 36, ಎರೆ ದಾರಿಗೆ 25. ಸಣ್ಣ ಪಂಪ್ ಕೊಂಡೆ, ನಾಲ್ಕೂ ಟೈರ್ ವಾಪಸ್ ತುಂಬಿಸಲು ಸುಮಾರು 20 ನಿಮಿಷ ಹಿಡಿಯುತ್ತೆ. ಹಿಂದೆ ಎರಡೂ ಶಾಕಪ್ ಬದಲಿಸಿದೆ, ಗ್ಯಾಸ್ ಟ್ವಿನ್‌ಟ್ಯೂಬ್, ಮೂಲ ಅಳತೆಯದೇ. ಹಳೆಯ ಎಡ ಶಾಕಪ್ ಅನ್ನು ಕೈಯಲ್ಲಿ ಹಿಡಿದು ಒತ್ತಿದೆ. ಎರಡು ಬೆರಳಿಗೇ ಕೆಳಗೆ ಹೋಯಿತು, ಮೇಲೆ ಬರಲೇ ಇಲ್ಲ. ಹೊಸದನ್ನು ಒತ್ತಲು ಮೈಭಾರ ಹಾಕಬೇಕಾಯಿತು.

ಬುಷ್ ಕೂಡ ಹಾಕಿಸಿದೆ. ಕಾಕಾ ಹೇಳಿದ ಹಾಗೆ ಗಾಡಿ ನೆಲಕ್ಕೆ ಇಳಿಸಿದ ಮೇಲೆ ಬಿಗಿಯಿರಿ ಅಂದೆ. ಗ್ಯಾರೇಜಿನ ಹುಡುಗ ಮೊದಲು ಬೇಡ ಅಂದ, ಆಮೇಲೆ ಮಾಡಿದ.

ತೂಗಾಟ ಪೂರ್ತಿ ನಿಂತಿದೆ. ಸಣ್ಣ ಕಲ್ಲು, ಸಣ್ಣ ಕುಣಿ ಈಗ ತಿಳಿಯಲ್ಲ. ಆದರೆ ಒಣಗಿದ ಟ್ರ್ಯಾಕ್ಟರ್ ಜಾಡಿಗೆ ಅಡ್ಡ ದಾಟುವಾಗ ಹಿಂದೆ ಒಂದು ಏಟು ಇನ್ನೂ ಇದೆ. ಅವ್ವ ನಿನ್ನೆ ಹೊಲದವರೆಗೂ ಕೂತು ಬಂದಳು. ಇಳಿದು "ಮೊದಲಿಗಿಂತ ಪಾಡು" ಅಂದಳು, ಚೆನ್ನಾಗಿದೆ ಅನ್ನಲಿಲ್ಲ.

ಭೀಮಾ ದಂಡೆ
ನಡೆದು ಬಂದವರು ಕೂತು ಬಂದರಲ್ಲ, ಅದೇ ದೊಡ್ಡದು.

ಸುರಪುರ ಜಿಪ್ಸಿ
ಆ ಉಳಿದ ಏಟು 10 ಪ್ಲೈ ಟೈರಿನದು. ಟೈರ್ ಸವೆದ ಮೇಲೆ ಮತ್ತೆ ಅದೇ ಹಾಕಬೇಡಿ.

ಪಟ್ಟಿ ಕೆಲಸ 30 ವರ್ಷ
ಟೈರೂ ಇರಬಹುದು, ಪಟ್ಟಿಯೂ ಇರಬಹುದು. ಊಹೆ ಬೇಡ. ನೆಹರೂ ಗಂಜ್‌ನಲ್ಲಿ ಲಾರಿ ತೂಗುವ ಕಾಂಟಾ ಇದೆ. ಹಿಂದಿನ ಗಾಲಿ ಮಾತ್ರ ಹತ್ತಿಸಿ ತೂಗಿಸಿ, ಆಮೇಲೆ ಪೂರ್ತಿ ಗಾಡಿ ತೂಗಿಸಿ. ಖಾಲಿ ಒಂದು ಸಲ, ನೀವು ಸಾಮಾನ್ಯವಾಗಿ ಹೊರುವ ಸಾಮಾನು ಹಾಕಿ ಒಂದು ಸಲ.

ಕೆಎ32 ತೊಗರಿ ಹೊಲ
ತೂಗಿಸಿದೆ ಕಾಕಾ. ಖಾಲಿ ಇದ್ದಾಗ ಪೂರ್ತಿ 1,960 ಕಿಲೋ, ಹಿಂದಿನ ಗಾಲಿ ಮೇಲೆ 850. ಬೀಜ, ಗೊಬ್ಬರ ಹಾಕಿದಾಗ ಹಿಂದೆ 1,240 ಬಂತು. ಆದರೆ ಹಾಗೆ ತುಂಬಿ ಹೋಗುವುದು ವರ್ಷಕ್ಕೆ ಏಳೆಂಟು ಸಲ. ಉಳಿದ ದಿನ ನಾನು, ಅವ್ವ, ಬುತ್ತಿ ಗಂಟು, ಅಷ್ಟೇ.

ಪಟ್ಟಿ ಕೆಲಸ 30 ವರ್ಷ
ಹಾಗಾದರೆ ಖಾಲಿ ಗಾಡಿಯ ಪಟ್ಟಿ ಸೆಟ್ ಯೋಚಿಸಬಹುದು. ಮೇಲಿನವು ತೆಳು, ಭಾರ ಬಿದ್ದಾಗ ಹಿಡಿಯಲು ಕೆಳಗೆ ದಪ್ಪದ್ದು ಇರುವಂಥದ್ದು. ಅದಕ್ಕೂ ಮೊದಲು ಈಗಿನದನ್ನು ಬಿಚ್ಚಿ ತುಕ್ಕು ನೋಡೋಣ. ಕಚ್ಚಿಕೊಂಡಿದ್ದರೆ ಬಿಡಿಸಿದರೇ ಸಾಕಾಗಬಹುದು, ಹೊಸದರ ದುಡ್ಡು ಉಳಿಯುತ್ತೆ. ಹುಮನಾಬಾದ್ ರಿಂಗ್ ರೋಡ್ ಕಡೆ ಗುರುವಾರ ಬೆಳಿಗ್ಗೆ ಬನ್ನಿ. ಗಾಡಿ ತೊಳೆಸಿಕೊಂಡು ಬನ್ನಿ, ಎರೆ ಮಣ್ಣು ಇದ್ದರೆ ಪಟ್ಟಿಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟೇ ಕಾಣಲ್ಲ. ಅವ್ವನನ್ನೂ ಕರೆದುಕೊಂಡು ಬನ್ನಿ. ಕೆಲಸ ಆದ ಮೇಲೆ ಹಿಂದಿನ ಸೀಟಿನಲ್ಲಿ ಕೂತು ಅವರೇ ಹೇಳಲಿ.

ಕೆಎ32 ತೊಗರಿ ಹೊಲ
ಬರುತ್ತೇನೆ ಕಾಕಾ. ಅವಳಿಗೆ ಹೇಳಿದೆ, ಗುರುವಾರ ಮಠಕ್ಕೆ ಹೋಗಿ ಆಮೇಲೆ ಬರೋಣ ಅಂದಿದ್ದಾಳೆ. ಹತ್ತು ಗಂಟೆ ಆಗುತ್ತೆ.